ತುತ್ತೂರಿ ರೇಡಿಯೋದ ದಾನಿಯೇಲಣ್ಣ

ದಾನಿಯೇಲಣ್ಣನ ಬಗ್ಗೆ ಮಾತೆತ್ತಿದವರೆಲ್ಲ ಎರಡು ಸಂಗತಿ ಹೇಳಿಯೇ ಹೇಳುತ್ತಾರೆ. ಒಂದು, ದೇವರಿಲ್ಲ ಎಂದು ಜಗಳಕ್ಕೆ ಬಂದ ಮೈಸೂರಿನ ಹುಡುಗಿಯೊಬ್ಬಳು ಅವರ ರೇಡಿಯೋ ಕೇಳುತ್ತ ಕೇಳುತ್ತ ಕೊನೆಗೆ ದೇವರ ಪರವಾಗಿ ಮಾತಾಡುವಷ್ಟು ಬದಲಾದಳು. ಇನ್ನೊಂದು, ತಾಯಿ ತೀರಿಕೊಂಡ ದಿನವೂ ಅವರು ಪ್ರಸಾರ ನಿಲ್ಲಿಸಲಿಲ್ಲ, ಆಕೆ ಹಾಡಿದ ಹಾಡನ್ನೇ ಹಾಕಿ ಆಕೆಯನ್ನು ಕಳಿಸಿಕೊಟ್ಟರು. ಕೇಳುವುದಕ್ಕೆ ಎರಡೂ ಚೆನ್ನಾಗಿವೆ. ಎರಡೂ ಸರಿಯಿಲ್ಲ. ಮೊದಲನೆಯದು ಸರಿಯಿಲ್ಲ ಎಂದು ನನಗೆ ಹೇಗೆ ಗೊತ್ತೆಂದರೆ ಆ ಹುಡುಗಿ ನಾನೇ, ಮತ್ತು ನಾನು ಬದಲಾಗಿಲ್ಲ. ಎರಡನೆಯದು ಹೇಗೆ ಗೊತ್ತೆಂದರೆ ಆ ಸಂಜೆ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಲೈನಿನ ಈ ತುದಿಯಲ್ಲಿ ಕೂತಿದ್ದವಳೂ ನಾನೇ.

ಇವೆರಡನ್ನು ತೆಗೆದುಹಾಕಿದರೆ ಅಣ್ಣನ ಕಥೆಯಲ್ಲಿ ಏನುಳಿಯುತ್ತದೆ ಎಂದು ಕೇಳಬಹುದು. ಬಟ್ಟೆ ಹಾಸಿಗೆ ಇಡುವ ಒಂದು ಗೋಡೆ ಬೀರು ಉಳಿಯುತ್ತದೆ. ಅದರೊಳಗೆ ಆರಡಿ ಎತ್ತರದ ಮನುಷ್ಯನೊಬ್ಬ ಮೊಣಕಾಲು ಎದೆಗೆ ಒತ್ತಿಕೊಂಡು ಕೂತಿರುತ್ತಾನೆ.

ಜಪಾನಿನ ಮನೆಗಳಲ್ಲಿ ಹಗಲು ಹಾಸಿಗೆ ಮಡಚಿಡಲು ಜಾರುಬಾಗಿಲಿನ ಒಂದು ಬೀರು ಇರುತ್ತದೆ, ಒಶಿಇರೆ ಅನ್ನುತ್ತಾರೆ. ಮಧ್ಯಕ್ಕೊಂದು ಹಲಗೆ, ಮೇಲೊಂದು ಅಂತಸ್ತು, ಕೆಳಗೊಂದು. ನೋಮಿ ಎಂಬ ಊರಿನಲ್ಲಿದ್ದ ತಮ್ಮ ಅಪಾರ್ಟ್‌ಮೆಂಟಿನಲ್ಲಿ ದಾನಿಯೇಲಣ್ಣ ಕೆಳಗಿನ ಅಂತಸ್ತನ್ನು ಸ್ಟುಡಿಯೋ ಮಾಡಿಕೊಂಡಿದ್ದರು. ಮೂರು ಕಡೆ ಹಾಸಿಗೆ, ತೊಡೆಯ ಮೇಲೆ ಲ್ಯಾಪ್‌ಟಾಪ್, ಅಂಗಿ ತೂಗುಹಾಕುವ ಹ್ಯಾಂಗರಿಗೆ ಕಟ್ಟಿದ ಮೈಕು. ತಲೆ ಮಧ್ಯದ ಹಲಗೆಗೆ ತಾಗುತ್ತಿದ್ದುದರಿಂದ ಅವರು ಸದಾ ಸ್ವಲ್ಪ ಎಡಕ್ಕೆ ವಾಲಿಕೊಂಡು ಮಾತಾಡುತ್ತಿದ್ದರು. ದಿನಾ ಸಂಜೆ ಏಳಕ್ಕೆ ಬಾಗಿಲು ಜಾರಿಸಿಕೊಂಡು ಒಳಗೆ ಸೇರಿದರೆ ಎಂಟೂವರೆಗೆ ಈಚೆ ಬರುವುದು. ಬೆವರಿನಲ್ಲಿ ತೊಯ್ದು, ಸೊಂಟ ಹಿಡಿದುಕೊಂಡು. ಪಕ್ಕದ ಮನೆಯ ಮುದುಕಿ ಒಮ್ಮೆ ಬಹಳ ವಿನಯದ ಚೀಟಿಯೊಂದನ್ನು ಬಾಗಿಲಿಗೆ ಸಿಕ್ಕಿಸಿ ಹೋಗಿದ್ದರಂತೆ: "ಇತ್ತೀಚೆಗೆ ತಮ್ಮ ಬೀರು ತುಂಬಾ ಉತ್ಸಾಹದಿಂದ ಇರುವಂತಿದೆ." ಅಣ್ಣ ಅದನ್ನು ಫ್ರೇಮು ಹಾಕಿಸಿ ಒಶಿಇರೆಯ ಒಳಗೋಡೆಗೆ ತೂಗುಹಾಕಿದ್ದರು. ಜತೆಗೆ ಇನ್ನೊಂದು ಹಾಸಿಗೆಯನ್ನೂ ತಂದು ಒಳಗೆ ತುರುಕಿದ್ದರು.

ಅವರ ಇಂಟರ್‌ನೆಟ್ ರೇಡಿಯೋದ ಹೆಸರು ತುತ್ತೂರಿ. ಚಿಕ್ಕಂದಿನಲ್ಲಿ ಅಳುವುದಕ್ಕೆ ಶುರುಮಾಡಿದರೆ ಓಣಿಗೆಲ್ಲ ಕೇಳುತ್ತಿತ್ತು ಎಂದು ಅವರ ತಾಯಿ ಇಟ್ಟ ಅಡ್ಡಹೆಸರು ಅದು. ಹಾಕುತ್ತಿದ್ದದ್ದು ರಾಕ್ ಮತ್ತು ಹಿಪ್‌ಹಾಪ್, ಎಲ್ಲವೂ ಯೇಸುವಿನ ಹಾಡುಗಳು. ಕೇಳುಗರು ಹದಿನೈದರಿಂದ ಇಪ್ಪತ್ತೈದರ ಒಳಗಿನವರು: ಇಲ್ಲಿ ಓದಲು, ದುಡಿಯಲು ಬಂದವರು, ಇಲ್ಲವೇ ಹಾಗೆ ಬಂದವರ ಮಕ್ಕಳು. ವೃದ್ಧಾಶ್ರಮದಲ್ಲಿ ಕೆಲಸ ಮಾಡುವ ಫಿಲಿಪೈನ್ಸಿನ ಹುಡುಗಿಯರ ಒಂದು ಬ್ಯಾಂಡಿತ್ತು, ಹಾಸ್ಟೆಲಿನ ಬಚ್ಚಲುಮನೆಯಲ್ಲಿ ಫೋನಿನಲ್ಲೇ ಹಾಡು ಮುದ್ರಿಸಿ ಕಳಿಸುತ್ತಿದ್ದರು, ನಡುವೆ ಯಾರೋ ನಲ್ಲಿ ತಿರುಗಿಸಿದ ಸದ್ದೂ ಬರುತ್ತಿತ್ತು. ಅಣ್ಣ ಎಲ್ಲವನ್ನೂ ಹಾಕುತ್ತಿದ್ದರು. "ತಾಳ ತಪ್ಪೈತಿ, ಖರೆ. ಆದ್ರ ಅಕಿ ನಾಕು ಮಂದಿ ಅಜ್ಜಿಗೋಳಿಗೆ ಜಳಕಾ ಮಾಡಿಸಿ ಬಂದು ಹಾಡ್ಯಾಳ. ನೀ ಹಾಡು ನೋಡೂಣು." ಇದು ನನಗೆ ಹೇಳಿದ್ದು. ನಾನು ತಾಳದ ಬಗ್ಗೆ ತಕರಾರು ತೆಗೆದಿದ್ದೆ.

ಅಣ್ಣ ಗದಗ ಬೆಟಗೇರಿಯವರು. ಹಗಲು ಪಕ್ಕದ ಊರು ಕೊಮಾತ್ಸು ಕಡೆಯ ಒಂದು ಬಿಡಿಭಾಗಗಳ ಕಾರ್ಖಾನೆಯಲ್ಲಿ ತಪಾಸಣೆಯ ಕೆಲಸ. ಜಪಾನೀಯರಿಗೆ ಡ್ಯಾನಿ ಸಾನ್. ಮನೆಯಲ್ಲಿ ಹೆಂಡತಿ ಸುಗುಣಾ ವೈನಿ, ಮಗಳು ರೂತ್. ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಜಪಾನಿಯಲ್ಲಿ ಉತ್ತರ ಕೊಡುವ ಹದಿಮೂರರ ಹುಡುಗಿ. ಮತ್ತು ಈ ಮೂವರ ಮೇಲೂ ಬೆಟಗೇರಿಯಿಂದಲೇ ಆಳ್ವಿಕೆ ನಡೆಸುತ್ತಿದ್ದ ಅವರ ತಾಯಿ. ಆಕೆ ಶಾಲಾ ಮಾಸ್ತರಿಣಿಯಾಗಿದ್ದವರು, ಚರ್ಚಿನ ಗಾಯನ ತಂಡಕ್ಕೆ ಹಿರಿಯರು. ನರ್ಸಾಗಿದ್ದ ಕಿರಿಮಗಳ ಜತೆ ಇದ್ದರು. ಅಣ್ಣ ಹತ್ತೊಂಬತ್ತರಲ್ಲಿ ಚರ್ಚಿಗೆ ಎಲೆಕ್ಟ್ರಿಕ್ ಗಿಟಾರು ತಂದಾಗ ಸಭೆಯ ಹಿರಿಯರೆಲ್ಲ ಎದ್ದುನಿಂತರಂತೆ, ಇದನ್ನು ಹೊರಗಿಡು ಎಂದು. ತಾಯಿ ಕೂತಲ್ಲಿಂದಲೇ ಹೇಳಿದರಂತೆ: "ದೇವರ ಕಿವಿ ನಿಮ್ಮ ಕಿವಿಗಿಂತ ಗಟ್ಟಿ ಅದಾವ. ಬಾರಿಸ್ಲಿ ಬಿಡ್ರಿ." ತುತ್ತೂರಿ ರೇಡಿಯೋ ಶುರುವಾದದ್ದು ಕೊರೊನಾ ಬಂದ ವರ್ಷದಲ್ಲಲ್ಲ, ಅವತ್ತು ಎಂದು ಅಣ್ಣ ಹೇಳುತ್ತಿದ್ದರು.

ತಾಯಿಯ ದನಿಯೂ ಆ ರೇಡಿಯೋದಲ್ಲಿತ್ತು. ಅಣ್ಣ ಕಂಪ್ಯೂಟರಿಗೆ ಒಂದು ಕಟ್ಟಳೆ ಹಾಕಿಟ್ಟಿದ್ದರು: ಪ್ರಸಾರದಲ್ಲಿ ಎಂಟು ಸೆಕೆಂಡು ಮೌನವಾದರೆ ಅದು ತಾನಾಗಿ ಒಂದು ಹಾಡು ಶುರುಮಾಡಬೇಕು. ಆ ಹಾಡು, ತಾಯಿ ಹಿಂದೆಂದೋ ಕ್ಯಾಸೆಟ್ಟಿನಲ್ಲಿ ಹಾಡಿದ್ದ ಒಂದು ಕನ್ನಡ ಭಕ್ತಿಗೀತೆ. ನೆಟ್ ಕೈಕೊಟ್ಟಾಗಲೆಲ್ಲ ಡ್ರಮ್ಮು ಗಿಟಾರುಗಳ ನಡುವೆ ಪಕ್ಕವಾದ್ಯವಿಲ್ಲದ ಮುದಿ ದನಿಯೊಂದು, ಯಾವ ಕೇಳುಗನಿಗೂ ಅರ್ಥವಾಗದ ಭಾಷೆಯಲ್ಲಿ, ನಿಧಾನಕ್ಕೆ ಹಾಡತೊಡಗುತ್ತಿತ್ತು. ಹುಡುಗರು ಅದಕ್ಕೆ ಅಜ್ಜಿ ಟೈಮ್ ಎಂದು ಹೆಸರಿಟ್ಟಿದ್ದರು. ನೆಟ್ ಸರಿಯಿದ್ದ ವಾರಗಳಲ್ಲಿ "ಅಜ್ಜಿ ಎಲ್ಲಿ" ಎಂದು ಸಂದೇಶ ಬರುತ್ತಿತ್ತು.

ನಾನು ಅವರಿಗೆ ಸಿಕ್ಕಿದ್ದು ಒಂದು ಇ-ಮೇಲಿನಿಂದ. ನೋಮಿಯ ಗುಡ್ಡದ ಮೇಲಿನ ವಿಶ್ವವಿದ್ಯಾಲಯಕ್ಕೆ ಸಂಶೋಧನೆಗೆಂದು ಬಂದು ಆರು ತಿಂಗಳಾಗುವಷ್ಟರಲ್ಲಿ ಕೊರೊನಾದಿಂದ ಪ್ರಯೋಗಾಲಯ ಮುಚ್ಚಿ, ಹಾಸ್ಟೆಲಿನ ಕೋಣೆಯೇ ಊರಾಗಿತ್ತು. ಕಾಲೇಜಿನ ಐದು ವರ್ಷವೂ ಚರ್ಚಾಸ್ಪರ್ಧೆಗಳಲ್ಲಿ ಕಳೆದವಳು ನಾನು. ವಾದಕ್ಕೆ ಮನುಷ್ಯರು ಸಿಗದಿದ್ದರೆ ಫ್ರಿಜ್ಜಿನ ಜತೆಗಾದರೂ ವಾದಿಸುವ ಸ್ಥಿತಿ. ಪಕ್ಕದ ಕೋಣೆಯವಳು ಈ ರೇಡಿಯೋ ಜೋರಾಗಿ ಹಾಕುತ್ತಿದ್ದಳು. ಒಂದು ಸಂಜೆ ಅಣ್ಣ ಪ್ರತಿ ಪ್ರಾರ್ಥನೆಗೂ ಉತ್ತರ ಸಿಕ್ಕೇ ಸಿಗುತ್ತದೆ ಎಂದರು. ನಾನು ಕೂತು ಏಳು ಅಂಶಗಳ ಖಂಡನೆ ಬರೆದು ಕಳಿಸಿದೆ. ಏಳನೆಯದು ಹೀಗಿತ್ತು: ಆಸ್ಪತ್ರೆಯಲ್ಲಿ ಅಕ್ಕಪಕ್ಕದ ಹಾಸಿಗೆಯ ಇಬ್ಬರಿಗಾಗಿ ಒಂದೇ ಪ್ರಾರ್ಥನೆ ನಡೆದು, ಒಬ್ಬರು ಉಳಿದು ಒಬ್ಬರು ಹೋದರೆ, ಉತ್ತರ ಸಿಕ್ಕಿದ್ದು ಯಾರಿಗೆ?

ಮಾರನೆಯ ಸಂಜೆ ಅವರು ಎರಡು ರಾಕ್ ಹಾಡುಗಳ ನಡುವೆ ಇಡೀ ಇ-ಮೇಲನ್ನು ಓದಿದರು, ಒಂದು ಸಾಲೂ ಬಿಡದೆ. ಆರು ಅಂಶಗಳಿಗೆ ಉತ್ತರ ಹೇಳಿದರು. ಮೂರು ಸಾಧಾರಣ, ಎರಡು ಕಳಪೆ, ಒಂದು ಪರವಾಗಿಲ್ಲ. ಕೊನೆಗೆ, "ಏಳನೆಯದಕ್ಕೆ ನನ್ನ ಹತ್ತಿರ ಉತ್ತರವಿಲ್ಲ, ಯಾರ ಹತ್ತಿರವಾದರೂ ಇದ್ದರೆ ನನಗೂ ಕಳಿಸಿ" ಎಂದು ಇಂಗ್ಲಿಷಿನಲ್ಲಿ ಹೇಳಿ ಮುಂದಿನ ಹಾಡು ಹಾಕಿದರು. ಐದು ವರ್ಷದಲ್ಲಿ ನನ್ನ ಎದುರಾಳಿ ಯಾರೂ, ಗೆದ್ದವರಾಗಲಿ ಸೋತವರಾಗಲಿ, ಉತ್ತರವಿಲ್ಲ ಎಂದದ್ದನ್ನು ನಾನು ಕೇಳಿರಲಿಲ್ಲ. ನಿಯಮದ ಪ್ರಕಾರ ಆ ಅಂಶ ನನ್ನದು. ಆದರೂ ಗೆದ್ದಂತೆ ಅನ್ನಿಸಲಿಲ್ಲ.

ಎರಡು ದಿನ ಬಿಟ್ಟು ಹಾಸ್ಟೆಲಿನ ಬಾಗಿಲ ಹಿಡಿಕೆಗೆ ಒಂದು ಚೀಲ ತೂಗುತ್ತಿತ್ತು. ಫೋನ್ ಬಂತು. ಕಿಟಕಿಯಿಂದ ನೋಡಿದರೆ ಕೆಳಗೆ ಮಾಸ್ಕ್ ಹಾಕಿದ ದೊಡ್ಡ ಆಕೃತಿಯೊಂದು ಕೈ ಬೀಸುತ್ತಿತ್ತು.

"ಇ-ಮೇಲಿನ ಕೆಳಗ ಹೆಸರು, ಫೋನು, ಹಾಸ್ಟೆಲ್ ವಿಳಾಸ ನೋಡಿದೆ. ಸಹನಾ, ಮೈಸೂರು ಅಂತ. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಅದಾವ. ವೈನಿ ಕೊಟ್ಟಾಳ."

"ನೀವು ಕೊಟ್ಟಿರೋದನ್ನ ತಿಂದರೆ ನಾನು ನಿಮ್ಮ ವಾದ ಒಪ್ಪಿಕೊಂಡ ಹಾಗೆ ಆಗಲ್ಲ ತಾನೆ?"

"ರೊಟ್ಟಿಗೆ ದೇವರು ಗೊತ್ತಿಲ್ಲ ವಕೀಲಮ್ಮಾ. ಜ್ವಾಳಾ ಅದು. ತಿನ್ನು."

ಅಂದಿನಿಂದ ನಾನು ವಕೀಲಮ್ಮ. ಸಮಾಧಾನವಾಗಿದ್ದಾಗ ತಂಗಿ.

ವಾರಕ್ಕೊಮ್ಮೆ ಏಳು ನಿಮಿಷದ ಕಾರ್ಯಕ್ರಮ ಶುರುವಾದದ್ದು ಹಾಗೆ. ಕೇಳುಗರು ಒಂದು ಪ್ರಶ್ನೆ ಕಳಿಸಬೇಕು, ನಾವಿಬ್ಬರೂ ಎದುರುಬದುರು ಪಕ್ಷ ಹಿಡಿದು ಇಂಗ್ಲಿಷಿನಲ್ಲಿ ವಾದಿಸಬೇಕು, ನಾನು ನನ್ನ ಕೋಣೆಯಿಂದ, ಅವರು ಬೀರುವಿನಿಂದ. ಯಾರಿಗೆ ಯಾವ ಪಕ್ಷ ಎಂಬುದು ನಾವು ಆರಿಸಿಕೊಳ್ಳುವ ಮಾತಲ್ಲ, ಚೀಟಿ ಎತ್ತಬೇಕು. ಈ ನಿಯಮ ನಾನೇ ಹಾಕಿದ್ದು. ಚರ್ಚಾಸ್ಪರ್ಧೆಯಲ್ಲಿ ಪಳಗಿದವರಿಗೆ ಇದು ಮೊದಲ ಪಾಠ: ಪಕ್ಷ ನಿನ್ನದಲ್ಲ, ವಾದ ಮಾತ್ರ ನಿನ್ನದು. ಚೀಟಿಗೆ ಯಾವ ಅರ್ಥವೂ ಇಲ್ಲ ಎನ್ನುವುದೇ ಅದರ ಬೆಲೆ.

ಅಣ್ಣನ ಮನೆಯಲ್ಲಿ ಚೀಟಿಯ ಅರ್ಥ ಬೇರೆಯಿತ್ತು. ಅದು ನನಗೆ ಆಗ ಹೊಳೆಯಬೇಕಿತ್ತು. ಅವರು ಚೀಟಿ ಎತ್ತುತ್ತಿದ್ದದ್ದು ತಾಯಿ ಕೊಟ್ಟು ಕಳಿಸಿದ್ದ ಒಂದು ಹಳೆಯ ತಗಡಿನ ಬಿಸ್ಕತ್ತು ಡಬ್ಬಿಯಿಂದ. ಅದು ಅವರ ವಾಗ್ದಾನದ ಡಬ್ಬಿ. ಹೊಸ ವರ್ಷದ ಮೊದಲ ದಿನ ಮನೆಯವರೆಲ್ಲ ಕಣ್ಣುಮುಚ್ಚಿ ಅದರಿಂದ ಒಂದೊಂದು ವಾಕ್ಯದ ಚೀಟಿ ಎತ್ತುತ್ತಾರೆ. ಯಾರಿಗೆ ಯಾವ ವಾಕ್ಯ ಬಂತೋ ಅದು ದೇವರು ಆ ವರ್ಷಕ್ಕೆ ಅವರಿಗೆ ಕೊಟ್ಟ ಮಾತು. ತಾಯಿ ತಮ್ಮ ಕೈಬರಹದಲ್ಲಿ ಬರೆದ ಹಳದಿ ಚೀಟಿಗಳ ಮೇಲೆ ಅಣ್ಣ ನಮ್ಮ 'ಪರ', 'ವಿರೋಧ'ದ ಬಿಳಿ ಚೀಟಿಗಳನ್ನು ಹಾಕಿಟ್ಟಿದ್ದರು. ನಾನು ನಾಣ್ಯ ಚಿಮ್ಮುವಂತೆ ನೋಡುತ್ತಿದ್ದದ್ದನ್ನು ಅವರು ಕಣ್ಣುಮುಚ್ಚಿ ಎತ್ತುತ್ತಿದ್ದರು.

ಮೊದಲ ವಾರ: ದೇವರಿದ್ದಾನೆಯೇ? ಡಬ್ಬಿ ಅಲುಗಿದ ಸದ್ದು, ಕಾಗದ ಬಿಚ್ಚಿದ ಸದ್ದು. "ವಕೀಲಮ್ಮ, ಪರ." ನಾನು ದೇವರಿದ್ದಾನೆ ಎಂದು ವಾದಿಸಿದೆ, ಚೆನ್ನಾಗಿಯೇ ವಾದಿಸಿದೆ. ಅವರು ಇಲ್ಲವೆಂದು ವಾದಿಸಲು ಹೋಗಿ ಮೂರನೆಯ ನಿಮಿಷಕ್ಕೆ ಬೆವರಿದರು. ಎರಡನೆಯ ವಾರ: ಪ್ರಾರ್ಥನೆಯಿಂದ ಉಪಯೋಗವಿದೆಯೇ? ಪರ. ಮೂರನೆಯ ವಾರ ಪರ. ನಾಲ್ಕು, ಐದು, ಆರು, ಏಳು. ಏಳನೆಯ ವಾರ ನಾನು ಮೈಕಿನಲ್ಲೇ ಕೇಳಿದೆ, "ಅಣ್ಣಾ, ಏಳು ಸಲ ಎತ್ತಿದರೆ ಏಳೂ ಪರ ಬರೋದು ಎಷ್ಟು ಅಪರೂಪ ಗೊತ್ತಾ ನಿಮಗೆ?"

"ಅಪರೂಪದ್ದು ಆದ್ರ ಅದಕ್ಕ ನಮ್ಮಲ್ಲಿ ಬ್ಯಾರೆ ಹೆಸರೈತಿ," ಎಂದರು. ಬೀರುವಿನ ಹೊರಗೆ ರೂತ್ ನಕ್ಕದ್ದು ಕೇಳಿಸಿತು.

ಆಮೇಲೆ ಫೋನಿನಲ್ಲಿ ಸೀರಿಯಸ್ಸಾಗಿಯೇ ಜಗಳವಾಡಿದೆ. ನನ್ನ ಮಾತಿನ ತುಣುಕುಗಳನ್ನು ಹುಡುಗರು ಕತ್ತರಿಸಿ ಹಂಚತೊಡಗಿದ್ದರು, ನಾಸ್ತಿಕಳ ಸಾಕ್ಷಿ ಎಂಬ ತಲೆಬರಹದಲ್ಲಿ. ಅಣ್ಣ, "ನಾವು ನಂಬಿದವರು ದೇವರ ಬಗ್ಗೆ ಉಬ್ಬಿಸಿ ಹೇಳ್ತೀವಿ ತಂಗಿ. ನೀ ತೂಗಿ ಹೇಳ್ತಿ. ಹುಡುಗೋರಿಗೆ ಅದು ತಿಳೀತದ," ಎಂದರು. ಅದು ನನ್ನ ಆಕ್ಷೇಪಕ್ಕೆ ಉತ್ತರವಲ್ಲ ಎಂದೆ. "ಅಲ್ಲ," ಎಂದು ಒಪ್ಪಿಕೊಂಡರು. ಅವರ ಜತೆ ವಾದಿಸುವುದರ ಕಷ್ಟವೇ ಅದು, ಒಪ್ಪಿಕೊಂಡುಬಿಡುತ್ತಿದ್ದರು.

ಆ ಬೇಸಿಗೆಯಲ್ಲಿ ಬೆಟಗೇರಿಯಿಂದ ಸುದ್ದಿ ಬಂತು, ತಾಯಿಯ ಹೃದಯ ಸೋಲುತ್ತಿದೆ, ವೈದ್ಯರು ದಿನಗಳ ಲೆಕ್ಕದಲ್ಲಿ ಮಾತಾಡುತ್ತಿದ್ದಾರೆ ಎಂದು. ಆಗಿನ ಪರಿಸ್ಥಿತಿ ಇಲ್ಲಿದ್ದವರಿಗೆಲ್ಲ ನೆನಪಿರುತ್ತದೆ. ವಿಶೇಷ ವಿಮಾನ ಹಿಡಿದು ಭಾರತಕ್ಕೆ ಹೋಗಬಹುದಿತ್ತು. ಆದರೆ ಒಮ್ಮೆ ಜಪಾನ್ ದಾಟಿದರೆ, ವೀಸಾ ಇದ್ದರೂ, ಮನೆ ಮಕ್ಕಳು ಇಲ್ಲೇ ಇದ್ದರೂ, ಮತ್ತೆ ಒಳಗೆ ಬಿಡುತ್ತಾರೆಂಬ ಖಾತ್ರಿ ಇರಲಿಲ್ಲ. ಅಣ್ಣ ಹೋದರೆ ಕೆಲಸ ಹೋಗಬಹುದು, ಅದರ ಹಿಂದೆಯೇ ವೈನಿಯ, ರೂತಳ ವೀಸಾ. ತಾಯಿಯನ್ನು ಕೇಳಿದರೆ ಆಕೆ ಫೋನಿನಲ್ಲಿ ಒಂದೇ ಮಾತು ಹೇಳಿದರಂತೆ: "ನಿನಗ ತಿಳಿದಂಗ ಮಾಡು." ತಾಯಂದಿರ ಈ ಮಾತಿಗೆ ಅಡ್ಡವಾದ ಯಾವ ಖಂಡನೆಯನ್ನೂ ನಾನು ಇದುವರೆಗೆ ಕಂಡಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಅಣ್ಣ ಫೋನ್ ಮಾಡಿ, ಗುಡ್ಡದ ಕೆಳಗಿನ ಕೊಂಬಿನಿ ಅಂಗಡಿಯ ಹತ್ತಿರ ಬಾ ಎಂದರು. ಹೋದರೆ ಪಾರ್ಕಿಂಗಿನಲ್ಲಿ ಕಾರಿನೊಳಗೆ ಕೂತಿದ್ದರು. ಮಾಸ್ಕು, ಅರ್ಧ ಇಳಿಸಿದ ಗಾಜು. ನಾನು ಎರಡು ಮೀಟರು ದೂರ ನಿಂತೆ. ಜೀರುಂಡೆಗಳು ಕಿವಿ ಹರಿಯುವಂತೆ ಕೂಗುತ್ತಿದ್ದವು. ಪಕ್ಕದ ಸೀಟಿನ ಮೇಲೆ ಆ ತಗಡಿನ ಡಬ್ಬಿಯಿತ್ತು.

"ಒಂದು ಪ್ರಶ್ನೆ ಬಂದೈತಿ ವಕೀಲಮ್ಮಾ. ರೇಡಿಯೋಕ್ಕಲ್ಲ. ದಾನಿಯೇಲ ಊರಿಗೆ ಹೋಗಬೇಕೋ, ಹೋಗಬಾರದೋ. ಒಂದು ಪಕ್ಷ ನೀ ಹೇಳು. ಮೂರು ದಿನಾತು, ನನ್ನ ತಲ್ಯಾಗ ಎರಡೂ ಪಕ್ಷದವರು ಒಮ್ಮಿಗೇ ಮಾತಾಡಾಕತ್ತಾರ."

ಆಗಲೇ ಇದು ಬೇಡ ಅನ್ನಬೇಕಿತ್ತು. ಚೀಟಿ ಎತ್ತುವ ಮುಂಚೆ ನನ್ನನ್ನೇ ಕೇಳಿದ್ದರೆ, ಹೋಗಿ ಅಣ್ಣಾ ಅನ್ನುತ್ತಿದ್ದೆ. ಕೇಳಲಿಲ್ಲ, ನಾನೂ ಅನ್ನಲಿಲ್ಲ. ಆಡಿದ ಆಟದ ಅಭ್ಯಾಸ. ಪಕ್ಷ ಸಿಗುವವರೆಗೆ ಬಾಯಿ ಮುಚ್ಚಿಕೊಂಡಿರುವುದನ್ನು ನಾನು ಬಹಳ ಕಷ್ಟಪಟ್ಟು ಕಲಿತಿದ್ದೆ.

ಅವರು ಕಣ್ಣುಮುಚ್ಚಿ ಡಬ್ಬಿಗೆ ಕೈಹಾಕಿದರು. ಬಿಳಿ ಚೀಟಿಯೊಂದನ್ನು ಎತ್ತಿ, ಬಿಚ್ಚಿ, ನೋಡಿದರು. ಒಂದು ಪದದ ಚೀಟಿಯನ್ನು ಅಷ್ಟು ಹೊತ್ತು ಓದಿದವರನ್ನು ನಾನು ನೋಡಿಲ್ಲ. ಮಡಚಿ ವಾಪಸು ಡಬ್ಬಿಗೆ ಹಾಕಿದರು.

"ಹೋಗಬಾರದು. ಅದು ನಿಂದು."

ನಾನು ಫೋನಿನಲ್ಲಿ ಏಳು ನಿಮಿಷಕ್ಕೆ ಗಂಟೆ ಬಾರಿಸುವಂತೆ ಇಟ್ಟುಕೊಂಡೆ. ಈಗ ನೆನೆಸಿಕೊಂಡರೆ ಅದೇ ಹೆಚ್ಚು ನಾಚಿಕೆಯಾಗುತ್ತದೆ, ಆ ಗಂಟೆ. ಮತ್ತು ವಾದಿಸಿದೆ. ನೀವು ಇಳಿದ ಮೇಲೆ ಹದಿನಾಲ್ಕು ದಿನ ಒಂದು ಕೋಣೆಯಲ್ಲಿ ಕೂರಬೇಕು, ದಿನಗಳ ಲೆಕ್ಕದಲ್ಲಿರುವ ಜೀವಕ್ಕೆ ಆ ಹದಿನಾಲ್ಕು ದಿನ ಎಂದರೆ ಏನು? ಆಸ್ಪತ್ರೆಯವರು ಒಳಗೆ ಬಿಡುತ್ತಾರೆಂದು ಯಾರು ಹೇಳಿದರು? ಅವರಿಗೆ ಈಗ ಬೇಕಾದದ್ದು ನರ್ಸು, ಆ ನರ್ಸು ಪಕ್ಕದಲ್ಲೇ ಇದ್ದಾಳೆ. ನಿಮ್ಮಿಂದ ಬೇಕಾದದ್ದು ದನಿ. ದನಿ ಕಳಿಸುವುದು ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನೀವು ಅತ್ತ ಸಿಕ್ಕಿಹಾಕಿಕೊಂಡರೆ ರೂತ್ ಶಾಲೆ ಬಿಟ್ಟು, ತಾನು ಓದಲೂ ಬಾರದ ಭಾಷೆಯ ಊರಿಗೆ ಹೋಗಬೇಕಾಗುತ್ತದೆ. ಅಜ್ಜಿ ಅದನ್ನು ಬಯಸುತ್ತಾರಾ? ಮಾತು ಎಲ್ಲಿಯೂ ತಡವರಿಸಲಿಲ್ಲ. ಕೊನೆಯ ವಾಕ್ಯಕ್ಕೂ ಗಂಟೆಗೂ ಸರಿಯಾಗಿ ತಾಳ ಬಿತ್ತು.

"ಈಗ ಪಕ್ಷ ಬದಲಾಯಿಸೋಣ ಅಣ್ಣಾ. ಹೋಗಬೇಕು ಅನ್ನೋದನ್ನೂ ನಾನೇ ಹೇಳ್ತೀನಿ. ಎರಡೂ ಕೇಳಿ ತೀರ್ಮಾನ ಮಾಡಬೇಕು, ಅದು ನಿಯಮ."

"ಬ್ಯಾಡ ತಂಗಿ. ಸಾಕು." ಗಾಜು ಏರಿಸಿದರು. ಆಮೇಲೆ ಮತ್ತೆ ಸ್ವಲ್ಪ ಇಳಿಸಿ, "ಬಿಸಿಲಾಗ ನಿಂದ್ರಿಸಿದೆ ನಿನ್ನ. ಒಳಗ ಹೋಗಿ ತಣ್ಣಂದು ಏನರ ಕುಡಿ," ಎಂದು ಹೋದರು.

ಇನ್ನೊಂದು ಪಕ್ಷ ನನ್ನ ಬಾಯಲ್ಲೇ ಉಳಿಯಿತು. ಅದಕ್ಕೆ ಏಳು ನಿಮಿಷ ಬೇಕಿರಲಿಲ್ಲ. ಆಕೆ ನಿಮ್ಮ ತಾಯಿ, ಅಷ್ಟೇ ಅದು.

ಅಣ್ಣ ಹೋಗಲಿಲ್ಲ. ದಿನಾ ಬೆಳಗ್ಗೆ ಕಾರ್ಖಾನೆಗೆ ಹೋಗುವ ಮುಂಚೆ, ಬೆಟಗೇರಿಯಲ್ಲಿ ಅವರ ತಂಗಿ ಹಿಡಿದ ಫೋನಿನಲ್ಲಿ, ತಾಯಿಯ ಕಿವಿಗೆ ಹಾಡುತ್ತಿದ್ದರೆಂದು ವೈನಿ ಹೇಳಿದರು. ಮೂರು ವಾರ ಕಳೆದು ತಾಯಿ ಹೋದರು. ಹದಿನಾಲ್ಕು ದಿನ ಕೂತಿದ್ದರೂ ಕೊನೆಯ ಒಂದು ವಾರ ಅವರಿಗೆ ಸಿಗುತ್ತಿತ್ತು. ಈ ಲೆಕ್ಕವನ್ನು ಅಣ್ಣ ಎಂದೂ ನನ್ನ ಮುಂದೆ ಹಾಕಲಿಲ್ಲ. ನಾನೇ ಹಾಕಿಕೊಂಡೆ. ದಫನವನ್ನು ಅವರು ಫೋನಿನ ಪರದೆಯಲ್ಲಿ ನೋಡಿದರು. ಯಾರದೋ ಭುಜ ಅಡ್ಡ ಬಂದಿತ್ತಂತೆ.

ತಾಯಿ ಹೋದ ದಿನ ನಮ್ಮ ಏಳು ನಿಮಿಷದ ದಿನವಾಗಿತ್ತು. ಪ್ರಸಾರವಿಲ್ಲ ಎಂದುಕೊಂಡರೂ ಏಳು ಗಂಟೆಗೆ ಹೆಡ್‌ಫೋನ್ ಹಾಕಿಕೊಂಡು ಕೂತೆ. ಬೀರುವಿನ ಬಾಗಿಲು ಜಾರಿದ ಸದ್ದು ಬಂತು. ಮೈಕು ತೆರೆಯಿತು. ಅಣ್ಣ ಉಸಿರು ಎಳೆದುಕೊಂಡದ್ದು ಕೇಳಿಸಿತು, ಪ್ರತಿ ಸಂಜೆಯ "ಮಿನಾಸಾನ್, ನಮಸ್ಕಾರ" ಹೇಳುವ ಮುಂಚೆ ಎಳೆದುಕೊಳ್ಳುವ ಹಾಗೆ. ಮಾತು ಬರಲಿಲ್ಲ. ನಾನು ಎಣಿಸಿದೆ. ಮೂರು. ನಾಲ್ಕು. ಅವರ ಬಾಯಿಯ ಹತ್ತಿರ ಏನೋ ಸಣ್ಣ ಸದ್ದು. ಏಳು. ಎಂಟು.

ಕಂಪ್ಯೂಟರು ತಾಯಿಯ ಹಾಡು ಶುರುಮಾಡಿತು.

ಅವರು ಅದನ್ನು ಹಾಕಲಿಲ್ಲ. ಅದೇನು ಶ್ರದ್ಧಾಂಜಲಿಯಲ್ಲ, ದೃಢ ನಂಬಿಕೆಯ ಗುರುತೂ ಅಲ್ಲ. ಮಾತು ಹೊರಡದ ಮನುಷ್ಯನೊಬ್ಬ ಕತ್ತಲ ಬೀರುವಿನಲ್ಲಿ ಕೂತಿದ್ದ, ಮತ್ತು ತಾನೇ ಹಿಂದೊಮ್ಮೆ ಹಾಕಿಟ್ಟ ಕಟ್ಟಳೆಯಂತೆ ತಾಯಿ ಬಂದು ಅವನ ಪರವಾಗಿ ಹಾಡಿದಳು. ಹಾಡು ಮುಗಿಯಿತು, ಮತ್ತೆ ಎಂಟು ಸೆಕೆಂಡು, ಮತ್ತೆ ಅದೇ ಹಾಡು. ಎಂಟೂವರೆವರೆಗೂ ಹಾಗೇ. ಅಷ್ಟು ಹೊತ್ತೂ ಅವರು ಮೈಕು ಮುಚ್ಚಲಿಲ್ಲ. ಹಾಡಿನ ನಡುನಡುವೆ ಅವರ ಉಸಿರು ಕೇಳುತ್ತಿತ್ತು. ಕೇಳುಗರಲ್ಲಿ ಒಬ್ಬರೂ ಬಿಟ್ಟುಹೋಗಲಿಲ್ಲ, ಆದರೆ ಅದನ್ನು ನಾನು ಯಾವುದಕ್ಕೂ ಸಾಕ್ಷಿಯಾಗಿ ಹೇಳುತ್ತಿಲ್ಲ.

ಅದಾದ ಮೇಲೆ ನಾನು ಕಾರ್ಯಕ್ರಮಕ್ಕೆ ಹೋಗಲಿಲ್ಲ. ಪ್ರಯೋಗಾಲಯ ತೆರೆದಿದೆ, ಕೆಲಸ ಜಾಸ್ತಿ ಎಂದು ಹೇಳಿದೆ. ಬಾಗಿಲ ಹಿಡಿಕೆಗೆ ರೊಟ್ಟಿಯ ಚೀಲ ಬರುವುದು ನಿಲ್ಲಲಿಲ್ಲ. ಒಂದು ದಿನ ಫೋನು.

"ವಕೀಲಮ್ಮಾ, ನಿನ್ನ ಕಡಿಂದ ಎಂಟು ಸೆಕೆಂಡ್ ಆಗಿ ಎರಡು ತಿಂಗಳಾತು. ಇನ್ನ ನಮ್ಮ ಅವ್ವನ್ನ ಎಷ್ಟು ಹಾಡಿಸ್ತಿ?"

ನನಗೆ ಅಳು ಬಂತು, ಅದನ್ನು ಕೆಮ್ಮಾಗಿ ತಿರುಗಿಸಿದೆ. ಕೊರೊನಾ ಕಾಲದಲ್ಲಿ ಅದು ಬುದ್ಧಿವಂತಿಕೆಯ ಕೆಲಸವಲ್ಲ. ಅರ್ಧ ಗಂಟೆಯಲ್ಲಿ ಅಣ್ಣ ಜ್ವರ ನೋಡುವ ಯಂತ್ರ, ಕಷಾಯದ ಪುಡಿ, ಆರು ಮಾಸ್ಕು ತಂದು ಹಿಡಿಕೆಗೆ ಸಿಕ್ಕಿಸಿ ಕೆಳಗೆ ನಿಂತಿದ್ದರು. ಮುಂದಿನ ವಾರದಿಂದ ಮತ್ತೆ ಏಳು ನಿಮಿಷ. ಚೀಟಿ ಎತ್ತಿದರೆ ನನಗೆ ಮತ್ತೆ ಪರ. ನಾನು ತಕರಾರು ಮಾಡುವುದನ್ನು ಬಿಟ್ಟಿದ್ದೆ.

ಕೊಂಬಿನಿಯ ಆ ಮಧ್ಯಾಹ್ನದ ಮಾತನ್ನು ನಾವಿಬ್ಬರೂ ಮತ್ತೆ ಎತ್ತಲಿಲ್ಲ. ನನ್ನ ಸಮಾಧಾನ ಏನಿತ್ತೆಂದರೆ, ಪಕ್ಷ ಕೊಟ್ಟದ್ದು ಚೀಟಿ. ಅವತ್ತು ಇನ್ನೊಂದು ಚೀಟಿ ಕೈಗೆ ಬಂದಿದ್ದರೆ ನಾನು ಅಷ್ಟೇ ಜೋರಾಗಿ ಹೋಗಿ ಅನ್ನುತ್ತಿದ್ದೆ. ದೇವರನ್ನು ನಂಬದವರಿಗೂ ಒರಗಿಕೊಳ್ಳಲು ಏನಾದರೂ ಬೇಕಾಗುತ್ತದೆ. ಒಂದೂವರೆ ವರ್ಷ ನಾನು ಆ ಬಿಳಿ ಕಾಗದಕ್ಕೆ ಒರಗಿಕೊಂಡಿದ್ದೆ.

ಗಡಿಗಳು ತೆರೆಯತೊಡಗಿದ ವರ್ಷದ ಮಾರ್ಚಿನಲ್ಲಿ ಅಣ್ಣ ಕೆಲಸ ಬಿಟ್ಟು ಸಂಸಾರ ಸಮೇತ ಊರಿಗೆ ಹೊರಟರು. ಹುಬ್ಬಳ್ಳಿಯಲ್ಲಿ ಒಂದು ಕೆಲಸ ಸಿಕ್ಕಿತ್ತು, ರೂತಳಿಗೆ ಒಂದು ಶಾಲೆ. ಬೀಳ್ಕೊಡುವ ದಿನ ಇಲ್ಲಿನ ಚರ್ಚಿನ ಸಣ್ಣ ಕೋಣೆಯಲ್ಲಿ ಎಲ್ಲರೂ ಸರದಿಯ ಮೇಲೆ ಮಾತಾಡಿದರು. ನಾಸ್ತಿಕ ಹುಡುಗಿಯ ಕಥೆ ಬಂತು, ತಾಯಿಯ ಹಾಡಿನ ಕಥೆ ಬಂತು. ನಾನು ಆಕ್ಷೇಪಣೆಗೆ ಕೈ ಎತ್ತಲು ಹೊರಟಾಗ ಅಣ್ಣ ದೂರದಿಂದಲೇ ಬೇಡ ಎಂದು ತಲೆಯಾಡಿಸಿದರು. ನಗುತ್ತಿದ್ದರು. ಆಮೇಲೆ ಕಿವಿಯ ಹತ್ತಿರ ಬಂದು, "ಬಿಡು, ಅವರಿಗೂ ಏಳು ನಿಮಿಷ ಕೊಡೂಣು," ಎಂದರು.

ಕೊಮಾತ್ಸು ಸ್ಟೇಷನ್ನಿನಲ್ಲಿ ಒಸಾಕಾ ಕಡೆಯ ರೈಲು ಹತ್ತುವ ಮುಂಚೆ ರೂತ್ ನನ್ನ ಕೈಗೆ ಬಟ್ಟೆಯಲ್ಲಿ ಸುತ್ತಿದ ಒಂದು ಗಂಟು ಕೊಟ್ಟಳು. "ಅಪ್ಪ ಕೊಡು ಅಂದ್ರು, ಒನೇಸಾನ್," ಎಂದಳು, ಅಕ್ಕ ಎನ್ನುವುದೊಂದನ್ನು ಬಿಟ್ಟು ಉಳಿದದ್ದು ಅಪರೂಪಕ್ಕೆ ಕನ್ನಡದಲ್ಲಿ. ಅಣ್ಣ ಕಿಟಕಿಯಲ್ಲಿ ಕೂತು ಎಡಕ್ಕೆ ವಾಲಿಕೊಂಡಿದ್ದರು. ಅಲ್ಲಿ ತಲೆಗೆ ತಾಗುವ ಹಲಗೆ ಯಾವುದೂ ಇರಲಿಲ್ಲ.

ರೈಲು ಹೋದ ಮೇಲೆ ಬೆಂಚಿನ ಮೇಲೆ ಕೂತು ಬಿಚ್ಚಿದೆ. ತಗಡಿನ ಡಬ್ಬಿ. ಕೆಳಗೆ ತಾಯಿಯ ಕೈಬರಹದ ಹಳದಿ ಚೀಟಿಗಳು. ಮೇಲೆ, ಮಡಚಿದ ಬಿಳಿ ಚೀಟಿಗಳು. ಒಂದನ್ನು ಬಿಚ್ಚಿದೆ. ಏನೂ ಬರೆದಿರಲಿಲ್ಲ. ಇನ್ನೊಂದು ಬಿಚ್ಚಿದೆ. ಒಂದೊಂದಾಗಿ ಎಲ್ಲವನ್ನೂ ಬಿಚ್ಚಿ ತೊಡೆಯ ಮೇಲೆ ಹರಡಿಕೊಂಡೆ. ಎಷ್ಟೋ ಸಲ ಮಡಚಿ ಬಿಚ್ಚಿ ಗೆರೆ ಬಿದ್ದ ಕಾಗದಗಳು, ಯಾವುದರಲ್ಲೂ ಒಂದಕ್ಷರ ಇರಲಿಲ್ಲ. ಪರ ಇಲ್ಲ, ವಿರೋಧ ಇಲ್ಲ. ಹೋಗಬೇಕು ಇಲ್ಲ, ಹೋಗಬಾರದು ಇಲ್ಲ.

ಅಂದರೆ ಪಕ್ಷ ಕೊಟ್ಟದ್ದು ಚೀಟಿಯಲ್ಲ. ಪ್ರತಿ ಸಲವೂ ಅಣ್ಣನೇ. ನಾನು ನಂಬದ ಪಕ್ಷವನ್ನೇ ಹುಡುಕಿ ಹುಡುಕಿ ನನ್ನ ಕೈಗಿಡುತ್ತಿದ್ದರು, ಕೊಂಬಿನಿಯ ಮುಂದೆಯೂ. ಉಳಿಯಬೇಕೆಂದು ಆಗಲೇ ನಿರ್ಧರಿಸಿ, ಅದನ್ನು ಬೇರೆಯವರ ಬಾಯಿಂದ ಕೇಳಬೇಕಿತ್ತೋ? ಹಾಗಿದ್ದರೆ ನಾನು ಒಳ್ಳೆಯ ಕೆ‌ಲಸವನ್ನೇ ಮಾಡಿದೆ. ಅಥವಾ ಹೋಗಬೇಕೆಂದು ಜೀವ ಹಾರುತ್ತಿತ್ತೋ, ನಂಬದ ಮಾತನ್ನು ಆಡಹೋಗಿ ಇವಳು ನಡುವೆ ಎಲ್ಲಾದರೂ ನಿಲ್ಲುತ್ತಾಳೆ, ಎಂಟು ಸೆಕೆಂಡು ಸುಮ್ಮನಾಗುತ್ತಾಳೆ, ಆಗ ಕಾರು ತಿರುಗಿಸಿ ವಿಮಾನ ಹತ್ತಬಹುದು ಎಂದು ಕಾಯುತ್ತಿದ್ದರೋ? ಅವತ್ತು ನಾನು ಎಲ್ಲಿಯೂ ನಿಲ್ಲಲಿಲ್ಲ.

ಅಲ್ಲೇ ಕೂತು ಸಂದೇಶ ಬರೆದೆ. ಮೊದಲು ಅಂಶ ಅಂಶವಾಗಿ ಬರೆದು ಅಳಿಸಿದೆ. ಇಂಗ್ಲಿಷಿನಲ್ಲಿ ಬರೆದು ಅಳಿಸಿದೆ. ಕೊನೆಗೆ ಕನ್ನಡದಲ್ಲಿ ಒಂದೇ ವಾಕ್ಯ ಕಳಿಸಿದೆ. ಓದಿದ ಗುರುತು ಅದೇ ನಿಮಿಷ ಬಿತ್ತು. ಅದಾದ ಮೇಲೆ ಹುಬ್ಬಳ್ಳಿಯಿಂದ ಹಾಡುಗಳು ಬಂದಿವೆ, ರೂತ್ ಕನ್ನಡ ಓದುವ ವಿಡಿಯೋ ಬಂದಿದೆ, ರೊಟ್ಟಿ ಕಳಿಸಲು ವಿಳಾಸ ಕೇಳಿದ್ದಾರೆ, ನನ್ನ ಏಳನೆಯ ಅಂಶಕ್ಕೆ ಇನ್ನೂ ಉತ್ತರ ಹುಡುಕುತ್ತಿದ್ದೇನೆ ಎಂದಿದ್ದಾರೆ. ಆ ಒಂದು ವಾಕ್ಯಕ್ಕೆ ಮಾತ್ರ ಏನೂ ಬಂದಿಲ್ಲ. ಈ ಬರಹವನ್ನೂ ಅವರಿಗೆ ಕಳಿಸುತ್ತೇನೆ, ಆದ್ದರಿಂದ ಇಲ್ಲಿ ಇನ್ನೊಮ್ಮೆ ಕೇಳುತ್ತಿದ್ದೇನೆ.

ಅಣ್ಣಾ, ಖಾಲಿ ಚೀಟಿ ಕೈಯಲ್ಲಿ ಹಿಡಕೊಂಡು 'ಹೋಗಬಾರದು' ಅನ್ನೋದನ್ನ ನನಗೆ ಕೊಟ್ಟಿರಲ್ಲ, ಅವತ್ತು ನಾನು ಗೆಲ್ಲಲಿ ಅಂತ ಕೊಟ್ಟಿರಾ, ಸೋಲಲಿ ಅಂತ ಕೊಟ್ಟಿರಾ?